ಎರಡಾಣೆಯಿಂದ ವೈದ್ಯವಿದ್ಯಾಲಯಕ್ಕೆ: ಡಾಕ್ಟರ್ ಟಿ. ಎಂ. ಎ. ಪೈ

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನಡೆದುಹೋಗುವವರಿಗೆ ಎರಡು ಬಗೆಯ ಔದಾರ್ಯಗಳು ಕಲ್ಲುಗಾರೆಯ ರೂಪದಲ್ಲಿ ಕಾಣಸಿಗುತ್ತವೆ. ಜನರ ಬಾಯಲ್ಲಿ ಮಿಷನ್ ಆಸ್ಪತ್ರೆಯೆಂದೇ ಹೆಸರಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರಲ್ಲಿ ಆರಂಭವಾದುದು. ತೀರಿಹೋದ ಹೆಣ್ಣುಮಗಳೊಬ್ಬಳ ನೆನಪನ್ನು ತನ್ನ ಹೆಸರಿನಲ್ಲಿಯೇ ಉಳಿಸಿಕೊಂಡಿರುವುದು. ಅಲ್ಲಿಂದ ಅನತಿದೂರದ ಇರ್ವಿನ್ ರಸ್ತೆಯಲ್ಲಿರುವ ವೈದ್ಯಕಾಲೇಜು ಅರಮನೆಯ ಕೊಡುಗೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1924ರಲ್ಲಿ, ಬೆಂಗಳೂರಿನಲ್ಲಿ ಹುಟ್ಟಿದ ಆ ಕಾಲೇಜು 1930ರಲ್ಲಿ ಮೈಸೂರಿಗೆ ಬಂತು. 1953ರ ನಡುವಿನವರೆಗೆ ಕನ್ನಡ ನಾಡಿಗೆಲ್ಲ ಎಂ.ಬಿ.ಬಿ.ಎಸ್. ಕಲಿಸುವ ಕಾಲೇಜು ಅದೊಂದೇ. ಅರಸನಿಲ್ಲದ, ಮಿಷನ್ನಿನ ಬೆಂಬಲವೂ ಇಲ್ಲದ ಊರಿನಲ್ಲಿ ವೈದ್ಯವಿದ್ಯೆಯ ಶಾಲೆ ಏಳಬೇಕಾದರೆ ಹಣ ಎಲ್ಲಿಂದ ಬರಬೇಕು? ಈ ಪ್ರಶ್ನೆಗೆ ಮಂಡಿಯ ವರ್ತಕನಿಗೆ ಚೆನ್ನಾಗಿ ಅರ್ಥವಾಗುವಂಥ ಉತ್ತರವೊಂದನ್ನು ಕಂಡುಕೊಂಡವರು ಉಡುಪಿಯ ಡಾಕ್ಟರ್ ಮಾಧವ ಅನಂತ ಪೈಗಳು.

ಅವರು ಹುಟ್ಟಿದ್ದು 1898ರ ಏಪ್ರಿಲ್ 30ರಂದು, ಸುವರ್ಣಾ ನದಿಯ ದಡದ ಕಲ್ಯಾಣಪುರದಲ್ಲಿ. ತೋನ್ಸೆಯ ಪೈ ಮನೆತನ, ಮನೆಮಾತು ಕೊಂಕಣಿ. ಮದರಾಸಿನಲ್ಲಿ ವೈದ್ಯಶಾಸ್ತ್ರವನ್ನೋದಿ ಉಡುಪಿಗೆ ಮರಳಿ ವೃತ್ತಿ ಆರಂಭಿಸಿದರು. ಆಗ ಕೈಮಗ್ಗದ ಕಸುಬು ಕುಸಿದು, ನೇಕಾರರ ಮನೆಗಳಲ್ಲಿ ಒಲೆ ಉರಿಯುವುದೇ ಕಷ್ಟವಾಗಿತ್ತು. ಹಸಿವಿಗೆ ಔಷಧಿ ಚೀಟಿ ಬರೆಯಲಾದೀತೆ? 1925ರಲ್ಲಿ ಅಣ್ಣ ಉಪೇಂದ್ರ ಪೈ ಮತ್ತು ವಾಮನ ಕುಡ್ವ ಇವರೊಡನೆ ಸೇರಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ಅವರು ಸ್ಥಾಪಿಸಿದರು. ಮೂಲಧನ ಎಂಟು ಸಾವಿರ ರೂಪಾಯಿ. ಮುಂದೆ ದೇಶವೆಲ್ಲ ಸಿಂಡಿಕೇಟ್ ಬ್ಯಾಂಕ್ ಎಂದು ಅರಿತದ್ದು ಇದನ್ನೇ.

ಪೈಗಳ ಬುದ್ಧಿಯ ವೈಶಿಷ್ಟ್ಯ ಬೆಳಕಿಗೆ ಬಂದದ್ದು ಮೂರು ವರ್ಷಗಳ ಮೇಲೆ. 1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿಯಲ್ಲಿ ಕನಿಷ್ಠ ಮೊತ್ತ ದಿನಕ್ಕೆ ಎರಡಾಣೆ. ಠೇವಣಿದಾರನು ಬ್ಯಾಂಕಿನ ಮೆಟ್ಟಿಲೇರಬೇಕಾಗಿಲ್ಲ. ಬ್ಯಾಂಕಿನವನೇ ದಿನವೂ ಅಂಗಡಿಯ ಮುಂದೆ, ಮನೆಯ ಜಗಲಿಯಲ್ಲಿ ಬಂದು ನಿಲ್ಲುತ್ತಾನೆ. ಮೇಲುನೋಟಕ್ಕೆ ಇದು ಹುಡುಗಾಟಿಕೆಯ ಯೋಜನೆ. ಎರಡಾಣೆಯನ್ನು ತರಲು ಸವೆಯುವ ಚಪ್ಪಲಿಯ ಬೆಲೆಯೇ ಹೆಚ್ಚಾದೀತೆಂದು ಲೆಕ್ಕ ಬಲ್ಲವರು ನಗಬಹುದಾಗಿತ್ತು. ಆದರೆ ಸಣ್ಣ ಮೊತ್ತಕ್ಕೆ ಇಲ್ಲವೆನ್ನಲು ಯಾರಿಗೂ ಬಾಯಿ ಬಾರದು. ನಿನ್ನೆ ಬಂದವನು ಇಂದೂ ಬಂದರೆ, ನಾಳೆಯೂ ಬಂದರೆ, ನಂಬಿಕೆ ತಾನಾಗಿ ಬೇರೂರುತ್ತದೆ. ಸಾರ್ವಜನಿಕ ಕಾರ್ಯಕ್ಕಾಗಿ ಹಣ ಕೂಡಿಸಹೊರಟವರೆಲ್ಲ ಈ ಯೋಜನೆಯನ್ನು ಒಮ್ಮೆ ಅಭ್ಯಾಸ ಮಾಡುವುದು ಒಳ್ಳೆಯದು. ಅಭಿನಂದನ ಪತ್ರ ಅಚ್ಚುಹಾಕಿಸಿ, ವರ್ಷಕ್ಕೊಮ್ಮೆ ಸಿರಿವಂತರ ಬಾಗಿಲು ತಟ್ಟುವ ನಮ್ಮ ಸಂಘಸಂಸ್ಥೆಗಳು ಅದನ್ನು ಇನ್ನೂ ಕಲಿತಂತೆ ತೋರುವುದಿಲ್ಲ.

1942ರಲ್ಲಿ ಪೈಗಳು ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಕೈಕಸುಬು ಕಲಿಸುವುದರಿಂದ ಅದರ ಕೆಲಸ ಮೊದಲಾಯಿತು. 1949ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ಬಂತು. ಕರಾವಳಿಯ ಊರೂರುಗಳಲ್ಲಿ ಕಾಲೇಜುಗಳಾದುವು. 1963ರಲ್ಲಿ ಕುಂದಾಪುರದಲ್ಲಾದ ಭಂಡಾರ್ಕರ್ಸ್ ಕಾಲೇಜು ದಾನಿಯ ಮನೆತನದ ಹೆಸರನ್ನೇ ಹೊತ್ತಿದೆ. ಊರಿನಲ್ಲಿ ಹುಟ್ಟಿ ಬೆಳೆದು ಅನುಕೂಲಸ್ಥರಾದವರ ಮನಸ್ಸನ್ನು ಮತ್ತೆ ಊರಿನ ಕಡೆಗೆ ತಿರುಗಿಸುವುದರಲ್ಲಿ ಪೈಗಳಿಗೆ ವಿಶೇಷ ಚಾತುರ್ಯವಿತ್ತು.

ಆದರೆ ವೈದ್ಯಕಾಲೇಜಿನ ಮಾತು ಬೇರೆ. ಶವಚ್ಛೇದನ ಶಾಲೆ, ಪ್ರಯೋಗಾಲಯ, ನುರಿತ ಅಧ್ಯಾಪಕರು, ನೂರಾರು ಹಾಸಿಗೆಗಳ ಆಸ್ಪತ್ರೆ: ಇವೆಲ್ಲ ಸರಕಾರದ ಬೊಕ್ಕಸಕ್ಕೇ ಭಾರ. ಅವರು ಆರಿಸಿಕೊಂಡ ಸ್ಥಳವೋ, ಉಡುಪಿಯಿಂದ ಮೂರು ಮೈಲಿಯಾಚೆಯ ಮುರಕಲ್ಲಿನ ಬೋಳುಗುಡ್ಡ, ಮಣಿಪಾಲ. 1953ರ ಜೂನ್ 30ರಂದು ಅಲ್ಲಿ ಕಸ್ತೂರ್ಬಾ ವೈದ್ಯಕಾಲೇಜು ಪ್ರಾರಂಭವಾಯಿತು. ರೋಗಿಗಳ ಬಳಿ ನಿಂತು ಕಲಿಯಬೇಕಾದ ಪಾಠಕ್ಕೆ ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಯನ್ನು ಬಳಸಿಕೊಳ್ಳುವ ಏರ್ಪಾಡಾಯಿತು. ಕಟ್ಟಡಕ್ಕೂ ಸಂಬಳಕ್ಕೂ ಬೇಕಾದ ಹಣ ಬಹುಮಟ್ಟಿಗೆ ಬಂದದ್ದು, ಸೇರಬಯಸಿದ ವಿದ್ಯಾರ್ಥಿಗಳ ತಂದೆತಾಯಿಗಳು ಕೊಟ್ಟ ವಂತಿಗೆಯಿಂದ.

ಇಲ್ಲಿ ಜೀವನಚರಿತ್ರೆ ಬರೆಯುವವನ ಲೇಖನಿ ತುಸು ನಿಲ್ಲಬೇಕು. ಎರಡಾಣೆ ಕೊಟ್ಟವನಿಗೆ ಅದು ಬಡ್ಡಿಸಮೇತ ಮರಳುತ್ತಿತ್ತು. ವಂತಿಗೆ ಮರಳುವ ಹಣವಲ್ಲ, ಅದರ ಪ್ರತಿಫಲ ಮಗನಿಗೊಂದು ಸ್ಥಾನ. ಪಿಗ್ಮಿಯ ಬಾಗಿಲು ಅತ್ಯಂತ ಬಡವನಿಗೂ ತೆರೆದಿತ್ತು. ಈ ಬಾಗಿಲು ಉಳ್ಳವರಿಗೆ ಮಾತ್ರ ಸುಲಭವಾಗಿ ತೆರೆಯುವಂಥದು. ಪೈಗಳ ಪಕ್ಷದಲ್ಲಿಯೂ ಹೇಳಬೇಕಾದುದುಂಟು. ಅಂದು ಮದರಾಸು ಪ್ರಾಂತದ ಅಂಚಿಗೆ ಬಿದ್ದಿದ್ದ ದಕ್ಷಿಣ ಕನ್ನಡಕ್ಕೆ ಸರಕಾರ ಒಂದು ವೈದ್ಯಕಾಲೇಜನ್ನು ಕೊಟ್ಟಿರಲಿಲ್ಲ. ಕೂಡಿದ ಹಣ ಕಣ್ಣೆದುರಿಗೇ ಕಟ್ಟಡವಾಗಿ, ಆಸ್ಪತ್ರೆಯಾಗಿ ಎದ್ದುನಿಂತಿತು. ಆದರೂ ಒಳಬರುವಾಗ ಕೇಳಿ ಪಡೆದುದನ್ನು ದಾನವೆನ್ನಲು ನನಗೆ ಮನಸ್ಸೊಪ್ಪದು. ಗುಡ್ಡದ ಮೇಲೆ ಅವರು ಹಿಡಿದ ದಾರಿಯನ್ನೇ, ಅವರ ಶ್ರದ್ಧೆಯಿಲ್ಲದೆ, ಅನೇಕರು ಹಿಡಿದರು. 1984ರಲ್ಲಿ ಕರ್ನಾಟಕ ಸರಕಾರ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಶಾಸನ ತರಬೇಕಾಯಿತು. 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ಪದ್ಧತಿಯನ್ನು ಖಂಡಿಸಿತು.

ಇದನ್ನೆಲ್ಲ ಕಾಣಲು ಪೈಗಳು ಇರಲಿಲ್ಲ. 1957ರಲ್ಲಿ ಎಂಜಿನಿಯರಿಂಗ್ ಕಾಲೇಜು, 1965ರಲ್ಲಿ ದಂತವೈದ್ಯ ಕಾಲೇಜು ಹೀಗೆ ಗುಡ್ಡ ತುಂಬುತ್ತ ಹೋಯಿತು. 1969ರಲ್ಲಿ ಬ್ಯಾಂಕು ರಾಷ್ಟ್ರೀಕರಣವಾಗಿ ಕೈಬಿಟ್ಟುಹೋಯಿತು. 1972ರಲ್ಲಿ ಪದ್ಮಶ್ರೀ ಬಂತು. 1979ರ ಮೇ 29ರಂದು ಅವರು ತೀರಿಕೊಂಡರು. 1993ರಲ್ಲಿ ಮಣಿಪಾಲದ ಸಂಸ್ಥೆಗಳಿಗೆ ವಿಶ್ವವಿದ್ಯಾನಿಲಯದ ಮಾನ್ಯತೆ ದೊರೆಯಿತು. 1997ರಲ್ಲಿ ಮಲೇಶಿಯದ ಮೆಲಕಾದಲ್ಲಿ ಮಣಿಪಾಲದ ಹೆಸರು ಹೊತ್ತ ವೈದ್ಯಕಾಲೇಜೇ ತೆರೆಯಿತು. ಬ್ಯಾಂಕಿನ ಹೆಸರು ಮಾತ್ರ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು.

ಈಗ ಎಲ್ಲ ವೈದ್ಯವಿದ್ಯಾಲಯಗಳೂ ಹಳೆಯ ವಿದ್ಯಾರ್ಥಿಗಳ ಕಡೆಗೆ ಕೈಚಾಚುತ್ತಿವೆ. ಕಲಿತುಹೋದವನು ಕೊಡುವಾಗ ಅವನಿಗೆ ಆಗಬೇಕಾದ ಕೆಲಸವೇನೂ ಉಳಿದಿರುವುದಿಲ್ಲವಾದ್ದರಿಂದ ಅದು ಶುದ್ಧವಾದ ಕೊಡುಗೆ. ಆದರೆ ತಂದೆ ಹಣ ತೆತ್ತು ಓದಿಸಿದ ವೈದ್ಯನಿಗೆ ತನ್ನ ಲೆಕ್ಕ ಎಂದೋ ಚುಕ್ತಾ ಆಯಿತೆಂದು ತೋರಿದರೆ ಅವನನ್ನು ತಪ್ಪೆನ್ನುವುದು ಹೇಗೆ? ಅರಮನೆಯ ಕಾಲೇಜಿನಲ್ಲಿ ಅಲ್ಪ ಶುಲ್ಕಕ್ಕೆ ಓದಿದವರಿಗೆ ಆ ನೆಪವಿಲ್ಲ. ಮೈಸೂರಿನ ಜೆ. ಕೆ. ಮೈದಾನದಲ್ಲಿ ವೈದ್ಯಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘದ ಹೆಸರಿನಲ್ಲಿ ಅಮೃತಮಹೋತ್ಸವದ ಸಭಾಂಗಣವೊಂದು ನಿಂತಿದೆ. ಅಷ್ಟರಿಂದಲೇ ಋಣ ತೀರಿತೆ ಎಂಬುದನ್ನು ಕೃಷ್ಣರಾಜೇಂದ್ರ ಆಸ್ಪತ್ರೆಯ ಹೊರರೋಗಿ ವಿಭಾಗದ ಸಾಲನ್ನು ನೋಡಿದವರು ಹೇಳಬೇಕು.

ಎರಡು ಕಾಲೇಜುಗಳಿಗೂ ಒಂದು ನಂಟಿದೆ. ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಮಣಿಪಾಲದ ಕಾಲೇಜು, 1965ರಿಂದ 1980ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಆಶ್ರಯದಲ್ಲಿತ್ತು. ಆ ಹದಿನೈದು ವರ್ಷ ಬೋಳುಗುಡ್ಡದಲ್ಲಿ ಓದಿ ವೈದ್ಯರಾದವರ ಪದವಿಪತ್ರದ ಮೇಲೆ ಇರುವುದು ಮೈಸೂರಿನ ಗಂಡಭೇರುಂಡ.