ಬೂದಿ ಓದಿದ ಬ್ರೂಸ್ ಫೂಟ್ ಮತ್ತು ಸಿಂಧನೂರಿನ ಹೊಗೆ

ಭತ್ತದ ಕಟಾವು ಮುಗಿದ ದಿನಗಳಲ್ಲಿ ಸಂಜೆ ಸಿಂಧನೂರಿನಿಂದ ಮಸ್ಕಿ ಕಡೆ ಹೊರಟರೆ, ಗದ್ದೆಯಲ್ಲಿ ಹುಲ್ಲು ಸುಟ್ಟ ಹೊಗೆ ರಸ್ತೆಗೇ ಇಳಿದಿರುತ್ತದೆ. ಈ ಸೀಮೆಗೆ ಸುಡೋದು ಹೊಸದೇನಲ್ಲ. ಅದೆಷ್ಟು ಹಳೆಯದು ಅನ್ನೋದರ ಜಾಡು ಹಿಡಿದವರು ರಾಬರ್ಟ್ ಬ್ರೂಸ್ ಫೂಟ್.

1834ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಫೂಟ್, 1858ರಲ್ಲಿ ಭಾರತದ ಭೂವಿಜ್ಞಾನ ಸರ್ವೆ ಇಲಾಖೆ ಸೇರಿದರು. ಹೆಸರು ತಂದಿದ್ದು 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಸಿಕ್ಕ ಹಳೆ ಶಿಲಾಯುಗದ ಕಲ್ಲು. ಬಂಗಾರ ಇರುವ ನಮ್ಮ ಕಡೆಯ ಶಿಲಾಪಟ್ಟಿಗೆ ಧಾರವಾಡದ ಹೆಸರಿಟ್ಟವರೂ ಅವರೇ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಿಂದ ಮಸ್ಕಿವರೆಗಿನ ಪಟ್ಟಿ ಅದೇ ಜಾತಿಯದು. ಮಸ್ಕಿಯಲ್ಲಿ ಆದಿಮಾನವರ ಗುರುತನ್ನೂ ಅವರು ಕಂಡಿದ್ದರು.

ನನಗೆ ದೊಡ್ಡದು ಅನಿಸೋದು ಅವರ ಬೂದಿಯ ಕೆಲಸ. ಬಳ್ಳಾರಿ ಹತ್ತಿರದ ಕುಡತಿನಿಯಲ್ಲಿ, ರಾಯಚೂರು ಸೀಮೆಯಲ್ಲಿ ಬೂದಿಯ ದಿಬ್ಬಗಳಿವೆ. ಹಂಪಿ ಬಳಿಯ ನಿಂಬಾಪುರದ್ದು ವಾಲಿಯನ್ನು ಸುಟ್ಟ ಜಾಗ ಅಂತ ಜನ ನಂಬ್ತಾರೆ. ಓದಿದ ಇಂಗ್ಲಿಷರೂ ಬಲಿ, ಯಜ್ಞ ಅಂತ ಏನೇನೋ ಊಹಿಸಿದರು. ಫೂಟ್ ಮಾತ್ರ ಇದು ದನದ ಸಗಣಿ ಸುಟ್ಟ ಬೂದಿ ಅಂದರು. ಅವರು ಹೋಗಿ ನಾಲ್ಕು ದಶಕ ಕಳೆದ ಮೇಲೆ, ಕೃಷ್ಣೆಯ ಆಚೆ ಉಟ್ನೂರಿನಲ್ಲಿ ಅಗೆದ ಆಲ್ಚಿನ್‌ಗೆ ಬೂದಿಯ ನಡುವೆ ದನಗಳ ಗೊರಸಿನ ಅಚ್ಚೇ ಸಿಕ್ಕಿತು. ಇದೇ ಆಲ್ಚಿನ್ ಮುದಗಲ್ ಹತ್ತಿರದ ಪಿಕ್ಲಿಹಾಳದಲ್ಲೂ ಅಗೆದಿದ್ದರು.

ಆದರೆ ದಿಬ್ಬದಲ್ಲಿ ಉಳಿದಿದ್ದು ದಪ್ಪ ಬೂದಿ. ಹೊಗೆಯ ಜತೆ ಹೋದದ್ದು ಸಣ್ಣ ಕಣ. 2.5 ಮೈಕ್ರಾನಿಗಿಂತ ಸಣ್ಣದು, ಕೂದಲೆಳೆಯ ಮೂವತ್ತನೇ ಒಂದು ಪಾಲೂ ಇಲ್ಲ. ಪುಪ್ಪುಸದ ಆಳಕ್ಕಿಳಿದು ರಕ್ತ ಸೇರುವಂಥದ್ದು. ಡೀಸೆಲ್, ಕಲ್ಲಿದ್ದಲು, ಕಾರ್ಖಾನೆ ಜಗತ್ತಿನೆಲ್ಲೆಡೆ ಅದನ್ನು ಉಗುಳುತ್ತವೆ. ನಮ್ಮ ದೇಶದಲ್ಲಿ ಕಟ್ಟಿಗೆ, ಕುಳ್ಳಿನ ಒಲೆಯದೂ ದೊಡ್ಡ ಪಾಲು, ಮತ್ತು ಅದನ್ನು ಮೊದಲು ಉಸಿರಾಡೋದು ಒಲೆ ಮುಂದೆ ಕೂತ ಹೆಣ್ಣುಮಗಳು, ಮಡಿಲ ಕೂಸು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಟ್ಟ ವಾರ್ಷಿಕ ಮಿತಿ ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ. ನಮ್ಮ ಸರ್ಕಾರದ ಮಿತಿ 40. ಎಂಟು ಪಟ್ಟು! ಕಾಲುವೆ ನೀರು ಬರುವಷ್ಟರಲ್ಲಿ ಗದ್ದೆ ಹಸನಾಗಬೇಕು, ಹುಲ್ಲು ಸಾಗಿಸೋ ಖರ್ಚು ಯಾರು ಕೊಡ್ತಾರೆ? ರೈತನಿಗಷ್ಟೇ ದಂಡ ಹಾಕಿದರೆ ಇದು ನಿಲ್ಲೋದಲ್ಲ.

ಫೂಟ್ 1891ರಲ್ಲಿ ನಿವೃತ್ತರಾದರು. 1904ರಲ್ಲಿ ಅವರ ಸಂಗ್ರಹ ಮದ್ರಾಸ್ ಮ್ಯೂಸಿಯಂ ಸೇರಿತು. 1912ರ ಡಿಸೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡರು. ಮಸ್ಕಿಯ ಅಶೋಕ ಶಾಸನ ಪತ್ತೆಯಾಗಿದ್ದು 1915ರಲ್ಲಿ, ಅದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. ಅವರನ್ನೂ ದಹನ ಮಾಡಲಾಯಿತು. ಬೂದಿ ತಮಿಳುನಾಡಿನ ಯೆರ್ಕಾಡ್ ಬೆಟ್ಟದ ಚರ್ಚಿನಲ್ಲಿದೆ.