ಡಾ. ವೂ ಲಿಯೆನ್-ತೆ (1879–1960)
ಹತ್ತಿಯ ಮುಖಗವಸನ್ನು ರೋಗತಡೆಗೆ ಬಳಕೆಗೆ ತಂದ ಡಾ. ವೂ ಲಿಯೆನ್-ತೆ ಅವರು 1879ರಲ್ಲಿ ಮಲಯದ ಪೆನಾಂಗ್‌ನಲ್ಲಿ ಜನಿಸಿ, ಕೇಂಬ್ರಿಡ್ಜ್‌ನಲ್ಲಿ ವೈದ್ಯಕೀಯ ವ್ಯಾಸಂಗ ಮಾಡಿದರು. 1910ರ ಡಿಸೆಂಬರ್‌ನಲ್ಲಿ ಚೀನಾ ಸರ್ಕಾರ ಅವರನ್ನು ಪ್ಲೇಗ್‌ಪೀಡಿತ ಹಾರ್ಬಿನ್‌ಗೆ ನಿಯೋಜಿಸಿತು. ಶ್ವಾಸಕೋಶದ ಈ ಪ್ಲೇಗ್ ರೋಗಿಯ ಉಸಿರು, ಕೆಮ್ಮಿನಿಂದ ಹರಡುತ್ತದೆಂದು ಗುರುತಿಸಿದ ಅವರು, ಗಾಜ್ ಬಟ್ಟೆಯ ಪದರಗಳ ನಡುವೆ ಹತ್ತಿಯನ್ನಿರಿಸಿ ಅಗ್ಗದ ಮುಖಗವಸನ್ನು ರೂಪಿಸಿದರು. ಇದನ್ನೊಪ್ಪದೆ ಮುಖಗವಸು ಧರಿಸದೆ ಚಿಕಿತ್ಸೆ ನೀಡಿದ ಫ್ರೆಂಚ್ ವೈದ್ಯ ಡಾ. ಮೆನಿ ಕೆಲವೇ ದಿನಗಳಲ್ಲಿ ಮೃತಪಟ್ಟರು. ಆನಂತರ ಮುಖಗವಸಿನ ಬಳಕೆ ವ್ಯಾಪಕವಾಯಿತು. ಸುಮಾರು 60,000 ಜನರನ್ನು ಬಲಿ ಪಡೆದ ಪಿಡುಗು 1911ರಲ್ಲಿ ಹತೋಟಿಗೆ ಬಂದಿತು. ಡಾ. ವೂ 1960ರಲ್ಲಿ ನಿಧನರಾದರು.

2020ರಲ್ಲಿ ಕೋವಿಡ್ ವೈರಾಣು ಹರಡಿದಾಗ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಮೂರು ಪದರದ ಬಟ್ಟೆ ಮುಖಗವಸಿನ ಒಳಪದರಕ್ಕೂ ಹತ್ತಿಯೇ ಆಧಾರ. ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿಯ ಎರೆಭೂಮಿಯಲ್ಲಿ ರೈತರು ಬೆಳೆಯುವುದೂ ಇದೇ ಹತ್ತಿಯನ್ನು.