ನರಕೋಶವನ್ನು ಕಂಡ ಕಹಾಲ್

ವಿಜ್ಞಾನವೆಂಬುದು ದೊಡ್ಡ ಮನೆತನದವರ ಸೊತ್ತೆಂದು ನಮ್ಮಂಥವರು ಅಳುಕುವುದುಂಟು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದುದರಿಂದಲೋ ಏನೋ, ಸ್ಪೇನ್ ದೇಶದ ಸಾಂಟಿಯಾಗೊ ರಮೋನ್ ಇ ಕಹಾಲರ ಜೀವನ ನನ್ನ ಮನಸ್ಸನ್ನು ಬಹುವಾಗಿ ಸೆಳೆದಿದೆ.

ಕಹಾಲರು 1852ರ ಮೇ 1ರಂದು ಪೆಟಿಯಾ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ ಜನಿಸಿದರು. ತಂದೆ ಬಡತನದಲ್ಲಿ ಬೆಳೆದು, ಸ್ವಪ್ರಯತ್ನದಿಂದ ವೈದ್ಯರಾದವರು. ಮಗನಿಗೋ ಓದಿಗಿಂತ ಚಿತ್ರ ಬರೆಯುವುದರಲ್ಲೇ ಆಸಕ್ತಿ. ಅದು ಅನ್ನಕ್ಕಾಗದ ವಿದ್ಯೆಯೆಂದು ಬಗೆದ ತಂದೆ ಅವನನ್ನು ಮೊದಲು ಕ್ಷೌರಿಕನ ಬಳಿ, ಆಮೇಲೆ ಪಾದರಕ್ಷೆ ಹೊಲಿಯುವವನ ಬಳಿ ಕೆಲಸಕ್ಕಿಟ್ಟರು. ಕಡೆಗೆ ತಾವೇ ಸ್ಮಶಾನದ ಎಲುಬುಗಳನ್ನು ತೋರಿಸಿ ಶರೀರರಚನೆಯನ್ನು ಕಲಿಸಿದರು. ಎಲುಬನ್ನು ಬರೆಯುತ್ತ ಬರೆಯುತ್ತ ಹುಡುಗನಿಗೆ ವೈದ್ಯಶಾಸ್ತ್ರದ ರುಚಿ ಹತ್ತಿತು.

1873ರಲ್ಲಿ ಸರಗೋಸದಲ್ಲಿ ವೈದ್ಯರಾಗಿ ತೇರ್ಗಡೆ ಹೊಂದಿದ ಕಹಾಲರು ಸೈನ್ಯದ ವೈದ್ಯರಾಗಿ ಕ್ಯೂಬಾಕ್ಕೆ ಹೋಗಿ, ಮಲೇರಿಯದಿಂದ ಜರ್ಝರಿತರಾಗಿ ಹಿಂದಿರುಗಿದರು. ಅಲ್ಲಿ ಉಳಿಸಿದ ಹಣದಿಂದ ಒಂದು ಸೂಕ್ಷ್ಮದರ್ಶಕವನ್ನು ಕೊಂಡರು.

ಇಟಲಿಯ ಗಾಲ್ಜಿಯವರು 1873ರಲ್ಲಿಯೇ ಬೆಳ್ಳಿಯ ಲವಣದಿಂದ ನರಕೋಶಗಳಿಗೆ ಕಪ್ಪುಬಣ್ಣ ಹಿಡಿಸುವ ವಿಧಾನವನ್ನು ಕಂಡುಹಿಡಿದಿದ್ದರು. ಆದರೆ ಮಿದುಳೆಲ್ಲ ಎಡೆಬಿಡದ ಒಂದೇ ಬಲೆಯೆಂಬುದು ಅವರ ಮತ. ಅದೇ ವಿಧಾನವನ್ನು ತಿದ್ದಿ ಬಳಸಿದ ಕಹಾಲರು, ಪ್ರತಿಯೊಂದು ನರಕೋಶವೂ ಬೇರೆ ಬೇರೆ ಎಂದು 1888ರಲ್ಲಿ ಬಾರ್ಸಿಲೋನದಲ್ಲಿ ಸಾರಿದರು. ಪ್ರಕಟಿಸಲು ಸ್ವಂತ ಖರ್ಚಿನಲ್ಲಿ ಪತ್ರಿಕೆಯೊಂದನ್ನೇ ಹೊರಡಿಸಿದರು! ಮರುವರ್ಷ ಬರ್ಲಿನ್ನಿಗೆ ಹೋಗಿ ವಿದ್ವಾಂಸರ ಕಣ್ಣಿಗೇ ಅದನ್ನು ತೋರಿಸಿದರು. 1906ರಲ್ಲಿ ಗಾಲ್ಜಿಯವರೊಂದಿಗೆ ನೊಬೆಲ್ ಪಾರಿತೋಷಕ ಲಭಿಸಿತು. ಹಿಂದೆ ತಿರಸ್ಕೃತವಾದ ಚಿತ್ರಕಲೆಯೇ ಅವರ ಸಂಶೋಧನೆಯ ಬಲಗೈಯಾಗಿತ್ತು.

ಆನಂತರ ಕಹಾಲರು ಗಾಯಗೊಂಡ ನರಗಳತ್ತ ತಿರುಗಿದರು. ಕೈಕಾಲಿನ ನರ ಕಡಿದರೆ ಮತ್ತೆ ಚಿಗುರಬಲ್ಲದು. ಮಿದುಳು ಬೆನ್ನುಹುರಿಗಳ ತಂತು ಚಿಗುರಲು ಹವಣಿಸಿ ಅಲ್ಲಿಯೇ ನಿಂತುಬಿಡುತ್ತದೆ. ಇದನ್ನು ಕಂಡು ಅವರು ನೊಂದರು. ಆದರೆ ಈ ಕಠಿಣ ವಿಧಿಯನ್ನು ಮುಂದಿನ ವಿಜ್ಞಾನ ಬದಲಿಸಬೇಕೆಂದು ಬರೆದಿಟ್ಟರು. ಅವರ ಶಿಷ್ಯ ಟೆಯೊ ಅವರು ಮೊಲದ ಮಿದುಳಿಗೆ ಕಾಲಿನ ನರದ ತುಂಡನ್ನು ಕಸಿಮಾಡಿದಾಗ, ಮಿದುಳಿನ ತಂತುಗಳು ಅದರೊಳಕ್ಕೆ ಬೆಳೆದುಬಂದವು. 1934ರ ಅಕ್ಟೋಬರ್ 17ರಂದು ಮ್ಯಾಡ್ರಿಡ್‌ನಲ್ಲಿ ಕಹಾಲರು ತೀರಿಕೊಂಡರು.

ಆ ಪ್ರಶ್ನೆಯ ಒಂದು ಎಳೆ ಈಗ ಸಿಕ್ಕಿದೆ. ಜೀವಕೋಶದಲ್ಲಿ ಯಾವ ಜೀನ್ ಎಚ್ಚರವಾಗಬೇಕು, ಯಾವುದು ಮಲಗಬೇಕು ಎಂದು ನಿಯಂತ್ರಿಸುವ ಪ್ರೋಟೀನುಗಳಿವೆ. ಕೈಕಾಲಿನ ನರ ಕಡಿದೊಡನೆ ಸಿ-ಜುನ್ ಎಂಬ ಪ್ರೋಟೀನು ಹೆಚ್ಚಿ, ಬೆಳವಣಿಗೆಗೆ ಬೇಕಾದ ಜೀನುಗಳನ್ನು ಎಬ್ಬಿಸುತ್ತದೆ. ಮಿದುಳಿನಲ್ಲಿ ಆ ಎಚ್ಚರ ಸಾಲದು. ಕೆಎಲ್ಎಫ್-4ರಂಥ ಪ್ರೋಟೀನುಗಳು ಬೆಳವಣಿಗೆಯನ್ನು ತಡೆಯುತ್ತವೆಂದು 2009ರಲ್ಲಿ ತಿಳಿದುಬಂದಿತು. ಗಾಯದ ಸುತ್ತಲಿನ ಪರಿಸರವೂ ಅಡ್ಡಿಯೇ. ಬೆನ್ನುಹುರಿ ಮುರಿದವರನ್ನು ಎದ್ದು ನಡೆಸುವ ಮದ್ದು ಇನ್ನೂ ಕೈಗೂಡಿಲ್ಲ.

ಮಿತ್ರರೇ, ತನ್ನಿಂದಾಗದ ಕೆಲಸವನ್ನು ಆಗದ ಕೆಲಸವೆಂದು ಕಹಾಲರು ಬಗೆಯಲಿಲ್ಲ. ಬರಲಿರುವವರಿಗೆ ಒಪ್ಪಿಸಿ ಹೋದರು. ಆ ಬರಲಿರುವವರಲ್ಲಿ ನಮ್ಮಂಥ ಮನೆಗಳ ಮಕ್ಕಳೂ ಏಕಿರಬಾರದು?